ಜಗಲಿ ದೀಪಕ್ಕೆ ಬಂದ ಸ್ಟೋನ್‌ಫ್ಲೈ: ಇದು ಹೊಸ ಪ್ರಭೇದ ಅಂತ ಹೇಳೋದು ಹೇಗೆ?

ಸಂಕದಾಚೆ
ಎಲ್ಲರಿಗೂ ನಮಸ್ಕಾರ. ಕೊಪ್ಪದ ಹತ್ತಿರ ನಮ್ಮ ಅಡಿಕೆ ತೋಟ. ತೋಟದ ಕೆಳಗೆ ವರ್ಷವಿಡೀ ಹರಿಯುವ ಒಂದು ಹಳ್ಳ ಇದೆ. ಮಳೆ ಕಡಿಮೆಯಾದ ಮೇಲೆ ರಾತ್ರಿ ಜಗಲಿ ದೀಪಕ್ಕೆ ಒಂದು ಹುಳು ಬರುತ್ತದೆ. ಉಗುರಿನಷ್ಟು ಉದ್ದ, ಮಾಸಲು ಹಳದಿ ಬಣ್ಣ, ಹಿಂದೆ ಎರಡು ಬಾಲ. ರೆಕ್ಕೆಗಳನ್ನು ಮಡಿಸಿಟ್ಟ ಪಂಚೆ ಹಾಗೆ ಒಂದರ ಮೇಲೊಂದು ಚಪ್ಪಟೆಯಾಗಿ ಬೆನ್ನ ಮೇಲೆ ಇಟ್ಟುಕೊಳ್ಳುತ್ತದೆ. ಬೆಳಿಗ್ಗೆ ಹಳ್ಳಕ್ಕೆ ಹೋದರೆ ಸಂಕದ ಕೆಳಗಿನ ಕಲ್ಲುಗಳ ಮೇಲೆ ಇದರದ್ದೇ ಇರಬೇಕು, ಬೆನ್ನು ಸೀಳಿದ ಖಾಲಿ ಪೊರೆಗಳು ಅಂಟಿಕೊಂಡಿರುತ್ತವೆ.

ಫೋಟೋ ತೆಗೆದು ಫೋನಿನಲ್ಲಿ ಹುಡುಕಿದೆ. ಸ್ಟೋನ್‌ಫ್ಲೈ ಅಂತ ಬಂತು, ಅದರ ಮುಂದೆ ಹೆಸರಿಲ್ಲ. ಎಷ್ಟು ಹುಡುಕಿದರೂ ಇಂಥದ್ದೇ ಫೋಟೋ ಸಿಗಲಿಲ್ಲ. ನನ್ನ ತಂಗಿಯ ಮಗ ಇದು ಹೊಸ ಪ್ರಭೇದವೇ ಇರಬೇಕು, ಪೇಪರಿಗೆ ಕೊಡೋಣ ಅಂತಾನೆ. ನನಗೆ ಅಷ್ಟು ಧೈರ್ಯ ಇಲ್ಲ. ಹೊಸದು ಅಂತ ತೀರ್ಮಾನ ಮಾಡೋದು ಯಾರು? ಹೇಗೆ ಮಾಡ್ತಾರೆ? ತಿಳಿದವರು ಹೇಳಿ.

ನಿವೃತ್ತ ಮೇಷ್ಟ್ರು
ಮೊದಲು ಒಂದು ಮಾತು. ನಿಮ್ಮ ಹಳ್ಳದಲ್ಲಿ ಸ್ಟೋನ್‌ಫ್ಲೈ ಇದೆ ಅಂದರೆ ನೀರು ಚೆನ್ನಾಗಿದೆ ಅಂತ ಅರ್ಥ. ಅದಕ್ಕೇ ಖುಷಿಪಡಿ. ಹೆಸರು ಆಮೇಲೆ ನೋಡೋಣ.

ಇದರ ಮರಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನಂಬಿ ಬದುಕುತ್ತವೆ. ಸೊನ್ನೆ ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 25 ಡಿಗ್ರಿಗೆ ಬಂದರೆ ಸುಮಾರು 8.3 ಮಾತ್ರ. ಅದಕ್ಕೇ ಈ ಕೀಟಗಳಿಗೆ ತಣ್ಣಗೆ ಹರಿಯುವ, ಕಲ್ಲಿಗೆ ಬಡಿದು ನೊರೆಯಾಗುವ ನೀರೇ ಇಷ್ಟ. ಆಮ್ಲಜನಕ ಕಡಿಮೆಯಾದರೆ ಹಲವು ಜಾತಿಯ ಮರಿಗಳು ಕಾಲೂರಿ ಮೈಯನ್ನು ಮೇಲಕ್ಕೂ ಕೆಳಕ್ಕೂ ಎತ್ತಿ ಇಳಿಸುತ್ತವೆ, ಥೇಟ್ ನಾವು ದಂಡ ಹೊಡೆದ ಹಾಗೆ. ಮೈಸುತ್ತ ನೀರು ಓಡಾಡಲಿ ಅಂತ. ಬಕೆಟ್ಟಿನಲ್ಲಿ ಹಿಡಿದಿಟ್ಟ ಮರಿ ಹಾಗೆ ಮಾಡಿದರೆ ಅದಕ್ಕೆ ಉಸಿರು ಕಟ್ಟುತ್ತಿದೆ ಅಂತ ತಿಳಿದು ಕೂಡಲೇ ಹಳ್ಳಕ್ಕೆ ಬಿಡಿ.

ಹಳ್ಳದಲ್ಲೇ ಬೆಳೆಯುವ ಮೇಫ್ಲೈ ಅನ್ನುವ ಇನ್ನೊಂದು ಕೀಟದ ಜೊತೆ ಜನ ಇದನ್ನು ಕಲಸಿಬಿಡ್ತಾರೆ. ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು ಬಾಲ, ಕೆಲವಕ್ಕೆ ಎರಡು. ಹಾಗಾಗಿ ಬಾಲ ಒಂದನ್ನೇ ನಂಬಬೇಡಿ. ಕಾಲಿನ ತುದಿ ನೋಡಿ. ಸ್ಟೋನ್‌ಫ್ಲೈಗೆ ಒಂದು ಕಾಲಿಗೆ ಎರಡು ಉಗುರು, ಮೇಫ್ಲೈ ಮರಿಗೆ ಒಂದೇ. ಕಿವಿರು ಹೊಟ್ಟೆಯ ಎರಡೂ ಬದಿಗೆ ಸಾಲಾಗಿ ಎಲೆ ಎಲೆಯಾಗಿದ್ದರೆ ಮೇಫ್ಲೈ.

ಈಗ ನಿಮ್ಮ ಪ್ರಶ್ನೆ. ಫೋನಿನಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಹೊಸದಲ್ಲ. ಹಾಗಂತ ಹೊಸದಿರಲಾರದು ಅಂತಲೂ ಹೇಳುವ ಹಾಗಿಲ್ಲ. ನಮ್ಮ ಘಟ್ಟದ ಹಳ್ಳಗಳಲ್ಲಿ ಜಾಸ್ತಿ ಸಿಗೋದು ಪರ್ಲಿಡೇ ಕುಟುಂಬದವು, ಅದರಲ್ಲೂ ನಿಯೋಪರ್ಲಾ ಕುಲ. ಹುಳುವಿನ ಎರಡು ದೊಡ್ಡ ಕಣ್ಣುಗಳ ನಡುವೆ, ನೆತ್ತಿಯ ಮೇಲೆ ಸಾಸಿವೆಗಿಂತ ಚಿಕ್ಕ ಕಣ್ಣುಗಳಿರುತ್ತವೆ. ಮಸೂರ ಇಟ್ಟು ಎಣಿಸಿ. ಮೂರಿದ್ದರೆ ಒಂದು ದಾರಿ. ಎರಡೇ ಇದ್ದರೆ ನಿಯೋಪರ್ಲಾ, ಇಲ್ಲವೇ ಅದರ ನೆಂಟ ಫ್ಯಾನೋಪರ್ಲಾ ಇರಬಹುದು. ಕುಲದವರೆಗೆ ಹೀಗೆ ಬರಬಹುದು. ಅಲ್ಲಿಂದ ಪ್ರಭೇದಕ್ಕೆ ಹೋಗುವ ದಾರಿ ಬಹಳ ಕಡಿದು.

ಕಲ್ಲುಸಕ್ಕರೆ
ಮೇಷ್ಟ್ರೆ, ಯಾಕೆ ಕಡಿದು? ಬಣ್ಣ, ಅಳತೆ, ರೆಕ್ಕೆಯ ಗೆರೆ ನೋಡಿದರೆ ಗೊತ್ತಾಗಲ್ವಾ?

ನಿವೃತ್ತ ಮೇಷ್ಟ್ರು
ಗೊತ್ತಾಗಲ್ಲ. ನಿಯೋಪರ್ಲಾ ಒಂದರಲ್ಲೇ 250ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಬಹಳಷ್ಟು ಹೊರಗಿನಿಂದ ನೋಡಿದರೆ ಒಂದೇ ತಾಯಿಯ ಮಕ್ಕಳ ಹಾಗೆ ಇರುತ್ತವೆ. ಬೇರೆ ಮಾಡೋದು ಗಂಡಿನ ಹೊಟ್ಟೆಯ ತುದಿ. ಹತ್ತನೇ ಖಂಡದ ಮೇಲೆ ಎರಡು ಪುಟ್ಟ ಕೊಕ್ಕೆಗಳಿರುತ್ತವೆ. ಅವುಗಳ ಬಾಗು ನೋಡಬೇಕು. ಆಮೇಲೆ ಜನನಾಂಗ. ಅದು ಒಳಗೆ ಮಡಿಸಿಕೊಂಡಿರುತ್ತದೆ, ಅದನ್ನು ಹೊರಗೆ ತರಬೇಕು. ಹೊರಬಂದ ನಳಿಗೆಯ ಮೇಲೆ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಆ ಮುಳ್ಳುಗಳು ಎಲ್ಲಿ ಗುಂಪಾಗಿವೆ, ಎಲ್ಲಿ ಬರಿದಾಗಿದೆ, ಎಷ್ಟು ಸಾಲು ಅನ್ನೋದರ ಮೇಲೆ ಪ್ರಭೇದ ನಿಲ್ಲುತ್ತದೆ.

ಇನ್ನೂ ಜೀವ ಇರುವ ಗಂಡಾದರೆ ಹೊಟ್ಟೆಯನ್ನು ಚಿಮಟದಿಂದ ಮೆಲ್ಲಗೆ ಒತ್ತಿದಾಗ ಅದು ಹೊರಬರುತ್ತದೆ, ಹಾಗೇ ಹಿಡಿದು ಸ್ಪಿರಿಟಿಗೆ ಹಾಕಬೇಕು. ಹಳೆಯ ಮಾದರಿಯಾದರೆ ಹೊಟ್ಟೆಯ ತುದಿ ಕತ್ತರಿಸಿ ಕಾಸ್ಟಿಕ್ ಪೊಟ್ಯಾಶಿನಲ್ಲಿ ನೆನೆಸಬೇಕು. ಮಾಂಸ ಕರಗಿ ಗಟ್ಟಿ ಚರ್ಮ ಉಳಿಯುತ್ತದೆ. ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ಸೂಜಿ ತುದಿಯಲ್ಲಿ ಅಂಗಿ ತೋಳನ್ನು ಒಳಗಿಂದ ಹೊರಗೆ ತಿರುಗಿಸಿದ ಹಾಗೆ ಅದನ್ನು ಹೊರಗೆ ಎಳೆಯಬೇಕು. ಕೈ ಒಂಚೂರು ನಡುಗಿದರೆ ಹರಿಯಿತು, ಅಷ್ಟೇ. ನಾನು ಮೊದಲ ವರ್ಷ ಹರಿದದ್ದೇ ಜಾಸ್ತಿ. ಒಂದೊಂದು ಹರಿದಾಗಲೂ ಹೊಟ್ಟೆ ಉರಿಯುತ್ತಿತ್ತು, ಯಾಕೆಂದರೆ ಆ ಜಾಗದಿಂದ ಸಿಕ್ಕಿದ ಗಂಡು ಅದೊಂದೇ ಇರಬಹುದು.

ಹೆಣ್ಣಾದರೆ ಇನ್ನೂ ಕಷ್ಟ. ಆದರೆ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಇದ್ದರೆ ಅದೃಷ್ಟ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೊಟ್ಟೆಯ ಚಿಪ್ಪಿನ ಮೇಲೆ ಏಣುಗಳು, ಗುಳಿಗಳು, ಒಂದು ತುದಿಯಲ್ಲಿ ಕೊರಳಪಟ್ಟಿ ಕಾಣುತ್ತದೆ. ಆ ಕೆತ್ತನೆಯಿಂದಲೇ ಬೇರೆ ಮಾಡಬಹುದಾದ ಪ್ರಭೇದಗಳಿವೆ.

ಸಿಯಾಟಲ್ ಮಳೆ
ಮೇಷ್ಟ್ರು ಹೇಳಿದ್ದು ಓದಿ ಇಲ್ಲಿನ ಒಂದು ಕಥೆ ಹೇಳಲೇಬೇಕು ಅನ್ನಿಸಿತು. ನಾನು ಹಾಸನದವಳು, ಈಗ ವಾಷಿಂಗ್ಟನ್ ರಾಜ್ಯದಲ್ಲಿದ್ದೇನೆ. ಬೇಸಿಗೆಯಲ್ಲಿ ಹೊಳೆ ಸಮೀಕ್ಷೆಗೆ ಹೋಗುವವರ ಜೊತೆ ನಾನೂ ಹೋಗುತ್ತೇನೆ.

ಲೆಡ್ನಿಯಾ ಅಂತ ಸ್ಟೋನ್‌ಫ್ಲೈಗಳ ಒಂದು ಕುಲ ಇದೆ. ಇದು ನೆಮೌರಿಡೇ ಕುಟುಂಬದ್ದು, ನಿಮ್ಮ ಜಗಲಿಗೆ ಬರುವುದಕ್ಕಿಂತ ಚಿಕ್ಕದು. ಹಿಮನದಿ ಕರಗಿ ಹರಿಯುವ ನೀರಿನಲ್ಲಿ, ಹಿಮದ ಬುಡದಲ್ಲೇ ಇದರ ವಾಸ. ಮೊದಲ ಪ್ರಭೇದವನ್ನು 1952ರಲ್ಲಿ ವಿಲಿಯಂ ರಿಕರ್ ವಿವರಿಸಿದರು. ಈ ರಿಕರ್ ಯಾರು ಅಂದರೆ, ಮೀನುಗಾರಿಕೆ ಓದಿದವರಿಗೆಲ್ಲ ಗೊತ್ತಿರುವ ರಿಕರ್ ರೇಖೆಯ ರಿಕರ್. ಎಷ್ಟು ತಾಯಿ ಮೀನಿಗೆ ಎಷ್ಟು ಮರಿ ಉಳಿದು ಬರುತ್ತವೆ ಅಂತ ಲೆಕ್ಕ ಹಾಕಿದ ಕೆನಡಾದ ವಿಜ್ಞಾನಿ. ಅವರಿಗೆ ಸ್ಟೋನ್‌ಫ್ಲೈ ಅಂದರೆ ಜೀವ. ಹೆಸರು ಲೆಡ್ನಿಯಾ ಟುಮಾನಾ. ರಷ್ಯನ್ ಭಾಷೆಯಲ್ಲಿ 'ಲ್ಯೋದ್' ಅಂದರೆ ಮಂಜುಗಡ್ಡೆ, 'ತುಮಾನ್' ಅಂದರೆ ಕವಿದ ಮಂಜು. ಹೆಸರು ಓದಿದಾಗೆಲ್ಲ ನನಗೆ ಆ ಜಾಗವೇ ಕಣ್ಣಿಗೆ ಕಟ್ಟುತ್ತದೆ.

ಟುಮಾನಾದ ಊರು ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನ ಮತ್ತು ಅದರ ಆಸುಪಾಸು. ಆಮೇಲೆ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟದಲ್ಲಿ, ಇಲ್ಲಿ ಕ್ಯಾಸ್ಕೇಡ್ ಬೆಟ್ಟದಲ್ಲೂ ಇಂಥವೇ ಸಿಕ್ಕವು. ಎಲ್ಲವನ್ನೂ ಬಹಳ ಕಾಲ ಟುಮಾನಾ ಅಂತಲೇ ಕರೆದರು. 2010ರಲ್ಲಿ ರಿಚರ್ಡ್ ಬೌಮನ್ ಮತ್ತು ಬೋರಿಸ್ ಕೊಂಡ್ರಾಟಿಯೆಫ್ ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಸಿಯೆರಾದ್ದು ಬೇರೆ, ಕ್ಯಾಸ್ಕೇಡ್‌ನದ್ದು ಬೇರೆ ಅಂತ ತೋರಿಸಿದರು. ಲೆಡ್ನಿಯಾ ಸಿಯೆರಾ, ಲೆಡ್ನಿಯಾ ಬೊರಿಯಾಲಿಸ್. ಆಮೇಲೆ 2012ರಲ್ಲಿ ವಯೋಮಿಂಗ್‌ನ ಟೀಟನ್ ಬೆಟ್ಟದಿಂದ ಲೆಡ್ನಿಯಾ ಟೆಟೋನಿಕಾ ಅನ್ನೋದೂ ಸೇರಿತು. ಒಂದು ಹೆಸರಿನ ಕೆಳಗೆ ಕೂತಿದ್ದವು ನಾಲ್ಕಾದವು.

ಇದು ಬರೀ ಪಟ್ಟಿಯ ವಿಷಯ ಅಲ್ಲ. ಎಲ್ಲವೂ ಟುಮಾನಾ ಆಗಿದ್ದಾಗ ನಕ್ಷೆಯಲ್ಲಿ ಅದು ಹಲವು ರಾಜ್ಯಗಳಲ್ಲಿ ಹರಡಿದ ಕೀಟ. ಒಂದು ಕಡೆ ಹೋದರೆ ಇನ್ನೊಂದು ಕಡೆ ಇದೆ ಅಂತ ಸುಮ್ಮನಿರಬಹುದಿತ್ತು. ಬೇರೆ ಮಾಡಿದ ಮೇಲೆ ನೋಡಿದರೆ ಟುಮಾನಾಗೆ ಉಳಿದದ್ದು ಆ ಒಂದು ಉದ್ಯಾನದ ಸುತ್ತಮುತ್ತಲಿನ ತೊರೆಗಳು ಮಾತ್ರ. ಅಲ್ಲಿ 1850ರ ಹೊತ್ತಿಗೆ ಸುಮಾರು 150 ಹಿಮನದಿಗಳಿದ್ದವು ಅಂತ ಅಂದಾಜು. 2015ರ ಅಳತೆಯಲ್ಲಿ ಹಿಮನದಿ ಅನ್ನಿಸಿಕೊಳ್ಳುವಷ್ಟು ದೊಡ್ಡದಾಗಿ ಉಳಿದದ್ದು 26. ಸಂರಕ್ಷಣೆ ಬೇಕು ಅಂತ 2007ರಲ್ಲಿ ಅರ್ಜಿ ಹೋಯಿತು. ಅಮೆರಿಕದ ಕಾಯ್ದೆಯಲ್ಲಿ ಅದಕ್ಕೂ ಜಪಾಡಾ ಗ್ಲೇಸಿಯರ್ ಅನ್ನುವ ಇನ್ನೊಂದು ಸ್ಟೋನ್‌ಫ್ಲೈಗೂ ರಕ್ಷಣೆ ಸಿಕ್ಕಿದ್ದು 2019ರಲ್ಲಿ.

ನಾನು ಒಂದು ಆಗಸ್ಟಿನಲ್ಲಿ ಕ್ಯಾಸ್ಕೇಡ್‌ನ ಒಂದು ತೊರೆಯಲ್ಲಿ ಕಲ್ಲು ಎತ್ತಿ ನೋಡಿದ್ದೇನೆ. ಹಿಮದ ಅಂಚಿನಿಂದ ಐವತ್ತು ಹೆಜ್ಜೆ ಇರಬಹುದು. ಎರಡು ನಿಮಿಷಕ್ಕೆ ಬೆರಳು ಮರಗಟ್ಟಿತು. ಕಲ್ಲಿನ ಅಡಿಭಾಗ ಬೋಳು, ಪಾಚಿ ಕೂಡ ಇಲ್ಲ ಅನ್ನಿಸುವಷ್ಟು. ಬಿಳಿ ತಟ್ಟೆಯಲ್ಲಿ ನೀರು ಹಾಕಿ ಕಲ್ಲನ್ನು ಅಲ್ಲಾಡಿಸಿದಾಗ ಜೀರಿಗೆ ಕಾಳಿನಷ್ಟು ಉದ್ದದ ಕಂದು ಮರಿ ಒಂದು ತೆವಳಿತು. ಲೆಡ್ನಿಯಾ ಇರಬಹುದಾ ಅಂತ ಕೇಳಿದೆ. ಜೊತೆಗಿದ್ದವರು ಇರಬಹುದು ಅಂದರು, ಆದರೆ ಚೀಟಿಯಲ್ಲಿ ಕುಟುಂಬದ ಹೆಸರಷ್ಟೇ ಬರೆದರು. ಕಣ್ಣಳತೆಯಲ್ಲಿ ಅದಕ್ಕಿಂತ ಮುಂದೆ ಹೋಗಲು ಅವರು ಒಪ್ಪಲಿಲ್ಲ. ಆ ನಿಯತ್ತು ನನಗೆ ಬಹಳ ಹಿಡಿಸಿತು.

ಲ್ಯಾಬಿನ ಹುಡುಗಿ
ಸಿಯಾಟಲ್ ಅಕ್ಕ, ಎಷ್ಟು ಚೆನ್ನಾಗಿ ಹೇಳಿದ್ರಿ. ನಾನು ಜಲಕೀಟಗಳ ಮೇಲೆ ಪಿಎಚ್‌.ಡಿ ಮಾಡುತ್ತಿದ್ದೇನೆ. ಡಿಎನ್‌ಎ ಬಗ್ಗೆ ಯಾರಾದರೂ ಕೇಳೇ ಕೇಳ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ಬಾರ್‌ಕೋಡ್ ಅಂತ ನಾವು ಕರೆಯೋದು ಮೈಟೊಕಾಂಡ್ರಿಯಾದ ಸಿಓಐ ಅನ್ನುವ ಜೀನಿನ ಒಂದು ತುಂಡು, ಸುಮಾರು 658 ಅಕ್ಷರ ಉದ್ದ. ಒಂದು ಕಾಲು ಸಾಕು, ಮಾದರಿಯ ಉಳಿದ ಮೈ ಹಾಳಾಗಲ್ಲ. ಇದರ ದೊಡ್ಡ ಉಪಯೋಗ ಏನು ಅಂದರೆ ಮರಿಯನ್ನೂ ದೊಡ್ಡ ಹುಳುವನ್ನೂ ಜೋಡಿಸಬಹುದು. ಹೆಸರು ಇರೋದು ರೆಕ್ಕೆಯ ಗಂಡಿಗೆ, ಆದರೆ ಹಳ್ಳದಲ್ಲಿ ವರ್ಷವಿಡೀ ಸಿಗೋದು ಮರಿ. ಸ್ಟೋನ್‌ಫ್ಲೈ ಮರಿಯಾಗಿ ಒಂದು ವರ್ಷ, ದೊಡ್ಡ ಜಾತಿಗಳಲ್ಲಿ ಎರಡು ಮೂರು ವರ್ಷ ನೀರಿನಲ್ಲಿರುತ್ತದೆ. ರೆಕ್ಕೆ ಬಂದ ಮೇಲೆ ಬದುಕೋದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಹಾಗಾಗಿ ಮರಿ ಯಾರದ್ದು ಅಂತ ಹೇಳಲು ಡಿಎನ್‌ಎ ದೊಡ್ಡ ಆಸರೆ.

ಆದರೆ ಬಾರ್‌ಕೋಡ್ ಬೇರೆ ಬಂತು ಅಂದ ತಕ್ಷಣ ಹೊಸ ಪ್ರಭೇದ ಆಗಲ್ಲ. ಹೋಲಿಸಿ ನೋಡಲು ಹಳೆಯ ಪ್ರಭೇದಗಳ ಬಾರ್‌ಕೋಡ್ ಇರಬೇಕಲ್ವಾ? ನೂರು ವರ್ಷದ ಹಿಂದೆ ವಿವರಿಸಿದ ಕೀಟ ಯಾವುದೋ ಮ್ಯೂಸಿಯಂನ ಸೀಸೆಯಲ್ಲಿ ಇರುತ್ತದೆ, ಅದರ ಡಿಎನ್‌ಎಯನ್ನು ಯಾರೂ ತೆಗೆದಿರಲ್ಲ. ಆಗ ಮತ್ತೆ ಕೊಕ್ಕೆ, ಮುಳ್ಳುಗಳ ಹತ್ತಿರವೇ ಬರಬೇಕು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಉತ್ತರ ಗೋಳಾರ್ಧದ ಹಲವು ಸ್ಟೋನ್‌ಫ್ಲೈಗಳು ತಾಳ ಹಾಕುತ್ತವೆ. ಗಂಡು ಕಡ್ಡಿಯ ಮೇಲೆ ಕೂತು ಹೊಟ್ಟೆಯ ತುದಿಯನ್ನು ಪಟಪಟ ಬಡಿಯುತ್ತದೆ. ಇನ್ನೂ ಕೂಡದ ಹೆಣ್ಣು ಅದೇ ಕಡ್ಡಿಯ ಮೂಲಕ ಆ ಅದುರು ಕೇಳಿಸಿಕೊಂಡು ಉತ್ತರ ಬಡಿಯುತ್ತದೆ. ಎಷ್ಟು ಪೆಟ್ಟು, ಪೆಟ್ಟುಗಳ ನಡುವೆ ಎಷ್ಟು ಬಿಡುವು ಅನ್ನೋದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ನೋಡಲು ಒಂದೇ ಥರ ಇರುವ ಎರಡು ಕೀಟಗಳು ತಾಳದಲ್ಲಿ ಬೇರೆಯಾಗಿದ್ದರೆ ಅದೂ ಒಂದು ಸಾಕ್ಷಿ.

ತೋಟದ ಕೆಲಸ
ನನ್ನದೂ ತೋಟ, ಶೃಂಗೇರಿ ಕಡೆ. ಒಂದು ಪ್ರಶ್ನೆ. ನಾವು ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. ಮೈಲುತುತ್ತದ ಡ್ರಮ್ಮನ್ನು ಹಳ್ಳದಲ್ಲೇ ತೊಳೆಯೋದು ರೂಢಿ. ಇದರಿಂದ ಇವಕ್ಕೆ ತೊಂದರೆ ಇದೆಯಾ?

ನಿವೃತ್ತ ಮೇಷ್ಟ್ರು
ಇದೆ. ಮೈಲುತುತ್ತದಲ್ಲಿರುವ ತಾಮ್ರ ನೀರಿನ ಜೀವಿಗಳಿಗೆ ವಿಷ. ಬೋರ್ಡೋ ಬಿಡಿ ಅಂತ ನಾನು ಹೇಳಲ್ಲ, ಕೊಳೆ ಬಂದರೆ ವರ್ಷದ ಅನ್ನ ಹೋಗುತ್ತದೆ ಅಂತ ಗೊತ್ತು. ಡ್ರಮ್ ತೊಳೆದ ನೀರು ಮಾತ್ರ ಹಳ್ಳಕ್ಕೆ ಬೀಳದ ಹಾಗೆ ನೋಡಿಕೊಳ್ಳಿ. ಅಷ್ಟು ಮಾಡಿದರೂ ಬಹಳ ಆಯಿತು.

ಕಲ್ಲುಸಕ್ಕರೆ
ಸರಿ, ಹೊಸದು ಅಂತ ಖಾತ್ರಿ ಆಯಿತು ಅಂದುಕೊಳ್ಳೋಣ. ಹೆಸರು ಇಡೋದು ಹೇಗೆ? ಕಂಡವರ ಹೆಸರೇ ಇಡ್ತಾರಾ?

ಲ್ಯಾಬಿನ ಹುಡುಗಿ
ಬರೆಯುವವರು ತಮ್ಮ ಹೆಸರನ್ನೇ ಇಟ್ಟುಕೊಳ್ಳಲ್ಲ, ಅದು ರೂಢಿ. ಹುಡುಕಿ ಕೊಟ್ಟವರ ಹೆಸರು, ಊರಿನ ಹೆಸರು, ಮೈಯ ಗುರುತು ಹೀಗೆ ಇಡಬಹುದು. ಗಂಡಸಿನ ಹೆಸರಾದರೆ ಸಾಮಾನ್ಯವಾಗಿ ಕೊನೆಗೆ 'ಐ', ಹೆಂಗಸಿನದಾದರೆ 'ಏ' ಅಂತ ಬರುತ್ತದೆ, ಊರಾದರೆ 'ಎನ್ಸಿಸ್'. 2018ರಲ್ಲಿ ಮ್ಯಾನ್ಮಾರ್‌ನ ಅಂಬರಿನಲ್ಲಿ, ಅಂದರೆ ಕಲ್ಲಿನಂತೆ ಗಟ್ಟಿಯಾದ ಮರದ ಅಂಟಿನಲ್ಲಿ ಸಿಕ್ಕ ಸುಮಾರು 99 ದಶಲಕ್ಷ ವರ್ಷ ಹಳೆಯ ಸ್ಟೋನ್‌ಫ್ಲೈಗಳಿಗೆ ರೋಲಿಂಗ್ ಸ್ಟೋನ್ಸ್ ಅನ್ನುವ ರಾಕ್ ಸಂಗೀತ ತಂಡದವರ ಹೆಸರು ಇಟ್ಟರು. ಪೆಟ್ರೋಪರ್ಲಾ ಮಿಕ್‌ಜಾಗರೈ, ಲ್ಯಾಪಿಸ್‌ಪರ್ಲಾ ಕೀತ್‌ರಿಚರ್ಡ್ಸೈ. ಕಲ್ಲಿನ ನಂಟು ಇತ್ತಲ್ಲ, ಅದಕ್ಕೆ.

ಹೆಸರಿಗಿಂತ ಮುಖ್ಯ ಮಾದರಿ. ಒಂದೇ ಒಂದು ಹುಳುವನ್ನು ಹೋಲೋಟೈಪ್ ಅಂತ ಗುರುತಿಸಬೇಕು. ಆ ಹೆಸರು ಎಂದೆಂದಿಗೂ ಆ ಹುಳುವಿಗೆ ಕಟ್ಟಿದ್ದು. ನಾಳೆ ಯಾರಿಗಾದರೂ ಅನುಮಾನ ಬಂದರೆ ಆ ಸೀಸೆಯನ್ನೇ ತೆಗೆದು ನೋಡಬೇಕು. ಜೊತೆಗೆ ಸಿಕ್ಕ ಬೇರೆ ಹುಳುಗಳು ಪ್ಯಾರಾಟೈಪ್. ಹತ್ತಿರದ ನೆಂಟರಿಂದ ಇದು ಯಾವ ಯಾವ ಗುರುತಿನಲ್ಲಿ ಬೇರೆ ಅಂತ ಬರೆದು, ಚಿತ್ರ ಬಿಡಿಸಿ, ಮಾದರಿ ಎಲ್ಲಿಟ್ಟಿದ್ದೇವೆ ಅಂತ ಹೇಳಿ ಸರಿಯಾದ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಬರೀ ಆನ್‌ಲೈನ್ ಪತ್ರಿಕೆಯಾದರೆ ಪ್ರಕಟಣೆಗೆ ಮೊದಲೇ ಜೂಬ್ಯಾಂಕ್ ಅನ್ನುವ, ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ದಿನಪತ್ರಿಕೆ, ವಾಟ್ಸಾಪ್ ಯಾವುದೂ ಲೆಕ್ಕಕ್ಕಿಲ್ಲ. ಅದಕ್ಕೇ ನಿಮ್ಮ ತಂಗಿಯ ಮಗನಿಗೆ ಈಗಲೇ ಪೇಪರಿಗೆ ಕೊಡಬೇಡ ಅನ್ನಿ.

ನಮ್ಮ ದೇಶದಲ್ಲಿ ಇನ್ನೊಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಹೊಸ ಪ್ರಭೇದ ಕಂಡವರು ಸರ್ಕಾರ ಗುರುತಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿಡಬೇಕು. ಕೋಲ್ಕತ್ತಾದ ಜೂಲಾಜಿಕಲ್ ಸರ್ವೆ ಆಫ್ ಇಂಡಿಯಾ ಅಂಥದ್ದೊಂದು ಜಾಗ, 1916ರಿಂದ ಇದೆ. ನಿಮ್ಮ ಜಗಲಿಗೆ ಬಂದ ಹುಳುವಿನ ವಿಷಯ ಬೇರೆ, ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಒಳಗೆ ಹಿಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೈ ಹಾಕಬೇಡಿ.

ನಿವೃತ್ತ ಮೇಷ್ಟ್ರು
ಸೀಸೆಯ ಮಾತು ಬಂತು, ನನ್ನ ಸಂಕಟ ಹೇಳಿಕೊಳ್ಳುತ್ತೇನೆ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಹಿಂದಿನವರು ಹಿಡಿದಿಟ್ಟ ಹೊಳೆ ಕೀಟಗಳ ಒಂದು ಬೀರು ಇತ್ತು. ರಜೆ ಮುಗಿಸಿ ಬಂದು ಬಾಗಿಲು ತೆಗೆದೆ. ಅರ್ಧ ಸೀಸೆಗಳಲ್ಲಿ ಸ್ಪಿರಿಟ್ ಆರಿಹೋಗಿತ್ತು. ಹುಳುಗಳು ಗಾಜಿಗೆ ಅಂಟಿ ಹೊಟ್ಟಿನ ಹಾಗೆ ಆಗಿದ್ದವು. ಸ್ಪಿರಿಟ್ ಉಳಿದ ಸೀಸೆಗಳಲ್ಲಿ ಚೀಟಿ ಬಾಲ್‌ಪೆನ್ನಿನಲ್ಲಿ ಬರೆದದ್ದು. ಶಾಯಿ ಕರಗಿ ದ್ರವ ತಿಳಿನೀಲಿಯಾಗಿತ್ತು, ಕಾಗದ ಬೆಳ್ಳಗೆ. ಯಾವ ಹೊಳೆ, ಯಾವ ವರ್ಷ, ಒಂದೂ ಗೊತ್ತಿಲ್ಲ. ಅದರಲ್ಲಿ ನಾಲ್ಕು ಗಂಡು ಸ್ಟೋನ್‌ಫ್ಲೈ ಚೆನ್ನಾಗೇ ಇದ್ದವು. ಚೀಟಿ ಇಲ್ಲದ ಮೇಲೆ ಅವುಗಳಿಂದ ಏನು ಹೇಳಲು ಸಾಧ್ಯ? ಅವತ್ತಿನಿಂದ ನಾನು ಪೆನ್ಸಿಲ್ ಬಿಟ್ಟು ಬೇರೆ ಯಾವುದರಲ್ಲೂ ಚೀಟಿ ಬರೆದಿಲ್ಲ.

ಚೀಟಿ ಉಳಿದರೆ ಎಷ್ಟು ಕಾಲದ ಮೇಲೂ ಕೆಲಸ ಆಗುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ 19ನೇ ಶತಮಾನದಲ್ಲಿ ಹಿಡಿದಿಟ್ಟ ಒಂದು ಸ್ಟೋನ್‌ಫ್ಲೈ ಇತ್ತು. ಅದು ಬೇರೆಯೇ ಪ್ರಭೇದ ಅಂತ ಗೊತ್ತಾಗಿ ಆಲೋಪರ್ಲಾ ರಾಬರ್ಟೈ ಅಂತ ಹೆಸರು ಬಿದ್ದದ್ದು 1981ರಲ್ಲಿ. ಅಷ್ಟು ಹೊತ್ತಿಗೆ ಹೊಳೆಯಲ್ಲಿ ಅದು ಇರಲಿಲ್ಲ. ಈಗ ಅಳಿದುಹೋದ ಪ್ರಭೇದಗಳ ಪಟ್ಟಿಯಲ್ಲಿದೆ. ಹೆಸರು ಬಂದಾಗ ಕರೆಯಲು ಜೀವ ಇರಲಿಲ್ಲ. ನನಗೆ ನಮ್ಮ ಘಟ್ಟದ ಹಳ್ಳಗಳನ್ನು ನೆನೆದರೆ ಇದೇ ಹೆದರಿಕೆ. ಒಂದು ಕಿರುವಿದ್ಯುತ್ ಯೋಜನೆ ಬಂದು ಹಳ್ಳ ಪೈಪಿನೊಳಗೆ ಹೋದರೆ ಅಲ್ಲಿ ಏನಿತ್ತು ಅಂತ ಕೇಳೋರೂ ಇರಲ್ಲ.

ಸಿಯಾಟಲ್ ಮಳೆ
ಮೇಷ್ಟ್ರೆ, ಓದಿ ಮನಸ್ಸು ಭಾರ ಆಯಿತು. ಇದಕ್ಕೆ ಎದುರಾದ ಒಂದು ಸುದ್ದಿಯೂ ಇದೆ. ಬ್ರಿಟನ್ನಿನಲ್ಲಿ ಐಸೋಜೀನಸ್ ನ್ಯೂಬೆಕ್ಯುಲಾ ಅನ್ನುವ ಸ್ಟೋನ್‌ಫ್ಲೈ ಇಲ್ಲವಾಯಿತು ಅಂದುಕೊಂಡಿದ್ದರು. 22 ವರ್ಷ ಯಾರಿಗೂ ಕಂಡಿರಲಿಲ್ಲ. 2017ರಲ್ಲಿ ವೇಲ್ಸ್‌ನ ಡೀ ನದಿಯಲ್ಲಿ ಮತ್ತೆ ಸಿಕ್ಕಿತು. ಹಾಗಾಗಿ ಹುಡುಕೋದು ಬಿಡಬಾರದು.

ಸಂಕದಾಚೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೇಪರಿಗೆ ಕೊಡೋ ಮಾತು ಬಿಟ್ಟೆವು. ಹುಡುಗ ಮುಖ ಸಣ್ಣ ಮಾಡಿಕೊಂಡಿದ್ದ, ಆದರೆ ಮಸೂರ ಕೊಟ್ಟು ಕಣ್ಣು ಎಣಿಸು ಅಂದ ಮೇಲೆ ಅವನೇ ನನಗಿಂತ ಮುಂದೆ.

ನಿನ್ನೆ ರಾತ್ರಿ ಸಂಕದ ಪಕ್ಕ ಎರಡು ಅಡಿಕೆ ಮರಕ್ಕೆ ಬಿಳಿ ಪಂಚೆ ಕಟ್ಟಿ ದೀಪ ಇಟ್ಟೆವು. ಏಳೂವರೆ ಹೊತ್ತಿಗೆ ಬರಲು ಶುರುವಾದವು. ಒಂಬತ್ತರ ಮೇಲೆ ಒಂದೂ ಬರಲಿಲ್ಲ. ಒಟ್ಟು ಹನ್ನೊಂದು. ಮೂರನ್ನು ಮಾತ್ರ ಇಟ್ಟುಕೊಂಡೆವು, ಉಳಿದವನ್ನು ಬಿಟ್ಟೆವು. ಒಂದರ ಹೊಟ್ಟೆಯ ತುದಿಯಲ್ಲಿ ಮೇಷ್ಟ್ರು ಹೇಳಿದ ಹಾಗೆ ಎರಡು ಕೊಕ್ಕೆ ಕಾಣುತ್ತಿದೆ. ಗಂಡೇ ಇರಬೇಕು. ನೆತ್ತಿಯ ಮೇಲೆ ಪುಟ್ಟ ಕಣ್ಣು ಎರಡೇ. ಮೂರು ಸಲ ಎಣಿಸಿದೆವು.

ನಿವೃತ್ತ ಮೇಷ್ಟ್ರು
ಭೇಷ್! ಗಂಡನ್ನು ಬೇರೆ ಸೀಸೆಗೆ ಹಾಕಿ. ಸಾಧ್ಯವಾದರೆ ಅಪ್ಪಟ ಆಲ್ಕೋಹಾಲ್, ಡಿಎನ್‌ಎಗೆ ಅದೇ ಒಳ್ಳೆಯದು. ಒಳಗೆ ಚೀಟಿ ಇದೆಯಾ?

ಸಂಕದಾಚೆ
ಇದೆ ಮೇಷ್ಟ್ರೆ. ಪೆನ್ಸಿಲ್ಲಿನಲ್ಲಿ ಹುಡುಗನೇ ಬರೆದ. ಊರು, ಹಳ್ಳದ ಹೆಸರು, ತಾರೀಕು, ಹೊತ್ತು, ದೀಪಕ್ಕೆ ಬಂದದ್ದು, ಹಿಡಿದವರು. ನಮ್ಮ ಹಳ್ಳಕ್ಕೆ ನಕ್ಷೆಯಲ್ಲಿ ಹೆಸರಿಲ್ಲ. ಅಮ್ಮನನ್ನು ಕೇಳಿ ಅವರು ಕರೆಯುವ ಹೆಸರನ್ನೇ ಬರೆಸಿದೆ.

ಲ್ಯಾಬಿನ ಹುಡುಗಿ
ಅಣ್ಣ, ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ನೋಡಿ ಅದನ್ನೂ ಅದೇ ಚೀಟಿಯ ಹಿಂದೆ ಬರೆಯಿರಿ. ಮುಚ್ಚಳ ಬಿಗಿ ಮಾಡಿ ತಣ್ಣಗೆ, ಕತ್ತಲಲ್ಲಿಡಿ. ಮುಂದಿನ ತಿಂಗಳು ನಮ್ಮ ಗುಂಪು ಆ ಕಡೆ ಬರುತ್ತದೆ. ನಮ್ಮ ಗೈಡ್ ಮೈಕ್ರೋಸ್ಕೋಪಿನಲ್ಲಿ ನೋಡೋಣ ಅಂದಿದ್ದಾರೆ, ಹಳೆಯ ವಿವರಣೆಗಳ ಚಿತ್ರಗಳನ್ನು ನಾನು ಈಗಲೇ ಒಟ್ಟು ಮಾಡಲು ಶುರು ಮಾಡಿದ್ದೇನೆ.